ಮರದ ಬೋರ್ಡಿನ ಹಳೇ ಸ್ವಿಚ್ ತೆಗೆದು ಮಾಡ್ಯುಲರ್ ಹಾಕುವಾಗ ಒಳಗಿನ ವೈರ್ ಏನು ಮಾಡಬೇಕು?

ಹಳೇಮನೆ

ತೀರ್ಥಹಳ್ಳಿ ತಾಲ್ಲೂಕಿನ ಮಣ್ಣುಗೋಡೆ ಮನೆ. ಜಗಲಿ, ನಡುಮನೆ ಕಡೆ 1965ರ ವೈರಿಂಗ್. ಅಡುಗೆಮನೆ, ಬಚ್ಚಲು 1980ರಲ್ಲಿ ಸೇರಿಸಿದ್ದು. ಎಲ್ಲವೂ ಮರದ ಪಟ್ಟಿ ಮೇಲೆ ಕ್ಲಿಪ್ ಹೊಡೆದು ಎಳೆದದ್ದು, ಮರದ ಬೋರ್ಡ್, ಕಪ್ಪು ಬೇಕಲೈಟ್ ಸ್ವಿಚ್, ಪಿಂಗಾಣಿ ಫ್ಯೂಸ್. ಅಡುಗೆಮನೆಯ ಎರಡು ಸ್ವಿಚ್ ಮುಟ್ಟಿದರೆ ಬಿಸಿ, ಒಂದು ಚಟಚಟ ಅನ್ನುತ್ತೆ. ಜಗಲಿಯ ಎಲ್‌ಇಡಿ ಬಲ್ಬ್ ಆಫ್ ಮಾಡಿದ ಮೇಲೂ ಮಿಣಮಿಣ ಉರಿಯುತ್ತೆ. ಮೂರು ಪಿನ್ ಸಾಕೆಟ್ ಇದೆ, ಆದರೆ ಮೇಲಿನ ದೊಡ್ಡ ಪಿನ್ನಿಗೆ ವೈರೇ ಬಂದಿಲ್ಲ. ಗೋಡೆ ಒಡೆಯದೆ ಐದು ಬೋರ್ಡಿಗೆ ಬರೀ ಮಾಡ್ಯುಲರ್ ಸ್ವಿಚ್ ಹಾಕಿದರೆ ಸಾಕಾ? ಎರಡೂ ಕಡೆ ವೈರ್ ಒಳಗೆ ಬೆಳ್ಳಗೆ ಕಾಣುತ್ತೆ, ಅಲ್ಯೂಮಿನಿಯಂ ಇರಬಹುದು.

ತಂತಿಪಕ್ಕಡ್

ಸ್ವಿಚ್ ಕೊಳ್ಳುವ ಮೊದಲು ವೈರ್ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಮೇನ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಮೇನ್ ಇಳಿಸಿದರೂ ಅದರ ಕರೆಂಟ್ ಬೋರ್ಡಿಗೆ ಬರುತ್ತಲೇ ಇರುತ್ತೆ. ಟೆಸ್ಟರನ್ನು ಕರೆಂಟ್ ಇದೆ ಅಂತ ಗೊತ್ತಿರುವ ಜಾಗದಲ್ಲಿ ಮೊದಲೇ ಮುಟ್ಟಿಸಿ ನೋಡಿಟ್ಟುಕೊಂಡಿರಿ, ಕೆಟ್ಟ ಟೆಸ್ಟರ್ ನಂಬಿ ಕೈ ಹಾಕಬಾರದು.

ಈಗ ತಂತಿಯ ತುದಿಯನ್ನು ಚಾಕುವಿನಿಂದ ಕೆರೆಯಿರಿ. ಒಳಗೆ ಕೆಂಪು ಕಂಡರೆ ಅದು ತವರ ಲೇಪಿಸಿದ ತಾಮ್ರ. ಹಳೇ ರಬ್ಬರ್ ವೈರಿನಲ್ಲಿ, ರಬ್ಬರಿನ ಗಂಧಕ ತಾಮ್ರವನ್ನು ತಿನ್ನಬಾರದು ಅಂತ ತವರ ಹಚ್ಚುತ್ತಿದ್ದರು. ಕೆರೆದಷ್ಟೂ ಬಿಳಿಯೇ ಇದ್ದು, ಒಂದೇ ದಪ್ಪ ಎಳೆಯಾಗಿದ್ದರೆ ಅಲ್ಯೂಮಿನಿಯಂ. ನಿಮ್ಮ 1965ರ ಭಾಗ ಮೊದಲ ಜಾತಿ, 1980ರದ್ದು ಎರಡನೆಯದು ಅಂತ ನನ್ನ ಅಂದಾಜು.

ಎರಡರ ರೋಗ ಬೇರೆ ಬೇರೆ. ರಬ್ಬರ್ ವೈರಿನಲ್ಲಿ ತಾಮ್ರ ಚೆನ್ನಾಗಿಯೇ ಇರುತ್ತೆ, ಮೇಲಿನ ರಬ್ಬರ್ ಒಣಗಿ ಹಪ್ಪಳ ಆಗಿರುತ್ತೆ. ಅಲುಗಾಡಿಸದಷ್ಟು ದಿನ ಸುಮ್ಮನಿದ್ದದ್ದು, ಹೊಸ ಸ್ವಿಚ್ಚಿಗೆ ಅಂತ ಬಗ್ಗಿಸಿದ ಕೂಡಲೇ ಪುಡಿಪುಡಿ ಉದುರುತ್ತೆ, ಬಿರುಕು ಬೋರ್ಡಿನ ಹಿಂದೆ ಕಾಣದ ಕಡೆಗೂ ಹೋಗುತ್ತೆ. ತುದಿಗೆ ಟೇಪ್ ಸುತ್ತಿ ಪ್ರಯೋಜನವಿಲ್ಲ. ಅದಕ್ಕೆ ಹೊಸ ಸ್ವಿಚ್ ಹಾಕಲೇಬೇಡಿ, ವೈರನ್ನೇ ಬದಲಿಸಿ.

ಅಲ್ಯೂಮಿನಿಯಂ ಕಥೆ ಸ್ಕ್ರೂ ಹತ್ತಿರದ್ದು. ಮೃದು ಲೋಹ, ಸ್ಕ್ರೂ ಒತ್ತಿದ ಕಡೆ ನಿಧಾನಕ್ಕೆ ಚಪ್ಪಟೆಯಾಗಿ ಹಿಡಿತ ಸಡಿಲವಾಗುತ್ತೆ. ಗಾಳಿ ತಾಗಿದ ಮೇಲ್ಮೈಗೆ ಕರೆಂಟ್ ಹರಿಸದ ಆಕ್ಸೈಡ್ ಪದರ ಕೂರುತ್ತೆ. ಅಲ್ಲಿ ಬಿಸಿ, ಬಿಸಿಯಿಂದ ಇನ್ನಷ್ಟು ಸಡಿಲ. ನಿಮ್ಮ ಬಿಸಿ ಸ್ವಿಚ್ಚಿಗೂ ಚಟಚಟಕ್ಕೂ ಹೆಚ್ಚಿನಂಶ ಇದೇ ಕಾರಣ. ಹೊಸ ಸ್ವಿಚ್ ಹಾಕಿದರೆ ಸ್ವಲ್ಪ ದಿನ ಸರಿಯಿದ್ದು ಮತ್ತೆ ಅದೇ ಆಗುತ್ತೆ. ಮನೆಬಳಕೆಯ ಮಾಡ್ಯುಲರ್ ಸ್ವಿಚ್ಚುಗಳ ಟರ್ಮಿನಲ್ ತಾಮ್ರದ ವೈರಿಗೆಂದು ಮಾಡಿದ್ದು.

ತಾಮ್ರದ ತುಂಡನ್ನು ಅಲ್ಯೂಮಿನಿಯಂಗೆ ಸುತ್ತಿ ಟೇಪ್ ಹಾಕುವವರು ಇನ್ನೂ ಇದ್ದಾರೆ, ದಯವಿಟ್ಟು ಬೇಡ. ಮಲೆನಾಡಿನ ತೇವದಲ್ಲಿ ಆ ಎರಡು ಲೋಹ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತೆ.

ಫೇಸ್‌ನ್ಯೂಟ್ರಲ್

ಆಫ್ ಮಾಡಿದ ಮೇಲೂ ಉರಿಯುವ ಬಲ್ಬಿನ ಬಗ್ಗೆ. ಸ್ವಿಚ್ ಫೇಸಿನಲ್ಲಿ (ಕರೆಂಟ್ ಬರುವ ವೈರ್) ಇರಬೇಕಾದ್ದು ನ್ಯೂಟ್ರಲ್‌ನಲ್ಲಿ (ವಾಪಸ್ ಹೋಗುವ ವೈರ್) ಇದೆಯಾ ನೋಡಿ. ಹಾಗಿದ್ದರೆ ಆಫ್ ಮಾಡಿದಾಗಲೂ ಹೋಲ್ಡರಿಗೆ 230 ವೋಲ್ಟ್ ನಿಂತಿರುತ್ತೆ. ಎಲ್‌ಇಡಿ ತೀರಾ ಕಡಿಮೆ ಸೋರಿಕೆಗೂ ಮಿಣುಕುತ್ತೆ. ಹಳೇ ಗುಂಡು ಬಲ್ಬಿನಲ್ಲಿ ಇದು ಕಾಣುತ್ತಿರಲಿಲ್ಲ ಅಷ್ಟೆ, ಅಪಾಯ ಆಗಲೂ ಇತ್ತು.

ಪರೀಕ್ಷೆ ಸುಲಭ. ಮೇನ್ ಆಫ್ ಮಾಡಿ ಸ್ವಿಚ್ಚಿನ ಮುಚ್ಚಳ ಬಿಚ್ಚಿ, ಬಲ್ಬ್ ತೆಗೆಯಿರಿ, ಸ್ವಿಚ್ ಆಫ್ ಇರಲಿ. ಮೇನ್ ಹಾಕಿ ಸ್ವಿಚ್ಚಿನ ಎರಡೂ ಸ್ಕ್ರೂಗೆ ಟೆಸ್ಟರ್ ಮುಟ್ಟಿಸಿ. ಒಂದರಲ್ಲಿ ಚೆನ್ನಾಗಿ ಉರಿದರೆ ಫೇಸ್ ಸ್ವಿಚ್ಚಿಗೇ ಬಂದಿದೆ. ಎರಡರಲ್ಲೂ ಉರಿಯದಿದ್ದರೆ ಅದು ನ್ಯೂಟ್ರಲ್. ಬಲ್ಬ್ ತೆಗೆಯದೆ ನೋಡಿದರೆ ಬಲ್ಬಿನ ಮೂಲಕ ಫೇಸ್ ಬಂದು ಟೆಸ್ಟರ್ ಉರಿಯುತ್ತೆ, ಲೆಕ್ಕ ತಪ್ಪುತ್ತೆ. ಫೇಸ್ ಸ್ವಿಚ್ಚಿನಲ್ಲೇ ಇದ್ದೂ ಬಲ್ಬ್ ಮಿಣುಕುತ್ತಿದ್ದರೆ, ಸ್ವಿಚ್ಚಿನಲ್ಲಿ ಇಂಡಿಕೇಟರ್ ಇರಬಹುದು, ಅಥವಾ ಉದ್ದಕ್ಕೂ ಜೊತೆಯಲ್ಲಿ ಓಡುವ ಫೇಸ್ ವೈರಿನ ಪ್ರಭಾವ. ಅದರಲ್ಲಿ ಭಯವಿಲ್ಲ.

ಇನ್ನೊಂದು ಮುಖ್ಯ ಸಂಗತಿ: ಹಳೇ ಮೇನಿನಲ್ಲಿ ಫೇಸ್, ನ್ಯೂಟ್ರಲ್ ಎರಡಕ್ಕೂ ಫ್ಯೂಸ್ ಇರುತ್ತೆ. ನ್ಯೂಟ್ರಲ್‌ನ ಫ್ಯೂಸ್ ಮಾತ್ರ ಹೋದರೆ ಮನೆಯೆಲ್ಲ ಕತ್ತಲು, ಆದರೆ ಪ್ರತಿ ಹೋಲ್ಡರಲ್ಲೂ ಕರೆಂಟ್ ಹಾಗೇ ಇರುತ್ತೆ. ಕರೆಂಟ್ ಹೋಗಿದೆ ಅಂದುಕೊಂಡು ಕೈ ಹಾಕುವುದು ಆಗಲೇ. ನ್ಯೂಟ್ರಲ್ ಫ್ಯೂಸ್ ತೆಗೆಸಿ ಗಟ್ಟಿ ಲಿಂಕ್ (ಕರಗದ ಲೋಹದ ಪಟ್ಟಿ) ಹಾಕಿಸಿ.

ಬೋರ್ಡುಲೆಕ್ಕ

ಮಾಡ್ಯುಲರ್ ಹಾಕುವಾಗ ಮರದ ಬೋರ್ಡ್ ಪೂರ್ತಿ ಹೋಗುತ್ತೆ, ಆ ಜಾಗಕ್ಕೆ ಗೋಡೆ ಮೇಲೆ ಕೂರುವ ಪಿವಿಸಿ ಬಾಕ್ಸ್. ಮಣ್ಣುಗೋಡೆ ಕೊರೆಯುವ ಗೋಜಿಗೆ ಹೋಗಬೇಡಿ, ಪೈಪನ್ನೂ ಮೇಲೆಯೇ ಓಡಿಸಿ. 20 ಮಿ.ಮೀ. ಪೈಪಿನಲ್ಲಿ 1.5 ಚದರ ಮಿ.ಮೀ. ವೈರ್ ಐದಕ್ಕಿಂತ ಹೆಚ್ಚು ತುಂಬದಿದ್ದರೆ ಮುಂದೆ ಎಳೆಯಲು ಬರುತ್ತೆ.

ಸ್ವಿಚ್, ಸಾಕೆಟ್ ಕೂರುವ ಪ್ಲೇಟಿನ ಒಂದು ಮನೆಗೆ ಮಾಡ್ಯೂಲ್ ಅಂತಾರೆ. ಪ್ಲೇಟ್ ಲೆಕ್ಕ ಹೀಗೆ: 6 ಆಂಪ್ ಸ್ವಿಚ್ಚಿಗೆ ಒಂದು ಮಾಡ್ಯೂಲ್, ಸಾಕೆಟ್ಟಿಗೆ ಎರಡು, ಫ್ಯಾನಿನ ಸ್ಟೆಪ್ ರೆಗ್ಯುಲೇಟರಿಗೆ ಎರಡು. ಮೂರು ಲೈಟು, ಒಂದು ಫ್ಯಾನು, ಒಂದು ಸಾಕೆಟ್ ಇರುವ ಬೋರ್ಡಿಗೆ ಐದು ಸ್ವಿಚ್, ಸಾಕೆಟ್ಟಿನ ಎರಡು, ರೆಗ್ಯುಲೇಟರಿನ ಎರಡು ಸೇರಿ ಒಂಬತ್ತು. ಎಂಟರ ಪ್ಲೇಟಿಗೆ ಹಿಡಿಯಲ್ಲ, ಹನ್ನೆರಡರದ್ದು ತಂದು ಮೂರಕ್ಕೆ ಖಾಲಿ ಮುಚ್ಚಳ. ಹಳೇ ಡಬ್ಬಿ ರೆಗ್ಯುಲೇಟರ್ ಬಿಚ್ಚಿಬಿಡಿ, ಹಳೇದು, ಹೊಸದು ಎರಡನ್ನೂ ಒಂದೇ ಸಾಲಿನಲ್ಲಿ ಉಳಿಸಬೇಡಿ.

ಬಿಚ್ಚುವ ಮೊದಲು ಫೋಟೋ ತೆಗೆದು, ಪ್ರತಿ ವೈರಿಗೆ ಚೀಟಿ ಕಟ್ಟಿ. ಸ್ವಿಚ್ಚಿಂದ ಸ್ವಿಚ್ಚಿಗೆ ಫೇಸ್ ಲೂಪ್ (ತುಂಡು ವೈರಿನ ಕೊಂಡಿ) ಹೋಗಿರುತ್ತೆ, ಅದೇ ಎಲ್ಲರಿಗೂ ಗಲಿಬಿಲಿ. ಹೊಸ ಲೂಪುಗಳನ್ನು 1.5ರ ತಾಮ್ರದಲ್ಲಿ ಮಾಡಿ; ಸಾಕೆಟ್ಟಿನದು 2.5. ಸುಮಾರು 8 ಮಿ.ಮೀ. ಮಾತ್ರ ಸುಲಿದು, ಎಳೆಗಳನ್ನು ಹೊಸೆದು, ಸ್ಕ್ರೂ ಬಿಗಿದ ಮೇಲೆ ಒಂದೊಂದನ್ನೂ ಎಳೆದು ನೋಡಿ. ಸಾಕೆಟ್ಟನ್ನು ಎದುರಿಂದ ನೋಡಿದಾಗ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್, ಮೇಲೆ ಅರ್ತ್ (ನೆಲಕ್ಕೆ ಹೋಗುವ ರಕ್ಷಣೆಯ ವೈರ್). ಗೀಸರ್ ಇದ್ದರೆ 16 ಆಂಪ್ ಸ್ವಿಚ್ಚು, 4 ಚದರ ಮಿ.ಮೀ. ವೈರು, ಮೇನಿನಿಂದ ಬೇರೆಯೇ ಲೈನ್.

ಅರ್ತ್ ವೈರ್ ಬಂದಿಲ್ಲ ಅಂತ ಸಾಕೆಟ್ಟಿನ ಮೇಲಿನ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸಿಕೊಡುವವರು ಸಿಗುತ್ತಾರೆ. ಒಪ್ಪಬೇಡಿ. ಎಲ್ಲಾದರೂ ನ್ಯೂಟ್ರಲ್ ಕಿತ್ತುಹೋದ ಕ್ಷಣ ಗ್ರೈಂಡರಿನ ಮೈಗೆಲ್ಲ ಫೇಸ್ ಬಂದು ಕೂರುತ್ತೆ.

ಹಳೇಮನೆ

ಕೆರೆದು ನೋಡಿದೆ. ಜಗಲಿ, ನಡುಮನೆ ಒಳಗೆ ಕೆಂಪು. ಅಡುಗೆಮನೆ, ಬಚ್ಚಲು ಪೂರ್ತಿ ಬಿಳಿ. ಜಗಲಿಯ ಸ್ವಿಚ್ ನ್ಯೂಟ್ರಲ್‌ನಲ್ಲೇ ಇದೆ, ಮೇನಿನಲ್ಲಿ ಎರಡು ಫ್ಯೂಸ್. ಮಳೆಗಾಲಕ್ಕೆ ಮುಂಚೆ ಎಲ್ಲ ಬದಲಿಸುವಷ್ಟು ದುಡ್ಡಿಲ್ಲ. ಮೊದಲು ಯಾವುದು?

ತಂತಿಪಕ್ಕಡ್

ಮೊದಲು ಮೇನ್ ಮತ್ತು ಅರ್ತ್. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರನ್ನು ಕರೆಸಿ. ಮೀಟರಿನ ಸೀಲು, ಅದರ ಹಿಂದಿನದು ವಿದ್ಯುತ್ ಕಂಪನಿ ಮೆಸ್ಕಾಂಗೆ ಸೇರಿದ್ದು, ಅದನ್ನು ಯಾರೂ ಮುಟ್ಟಬಾರದು. 40 ಮಿ.ಮೀ. ದಪ್ಪ, 2.5 ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಹೂತು ಅರ್ತ್ ಮಾಡಿಸಿ. ಮೇನಿಗೆ 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ತಾನೇ ಬೀಳುವ ಸ್ವಿಚ್), ಲೈಟಿನ ಲೈನುಗಳಿಗೆ 6 ಆಂಪ್ ಎಂಸಿಬಿ (ಫ್ಯೂಸಿನ ಬದಲಿಗೆ, ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್). ನ್ಯೂಟ್ರಲ್ ಲಿಂಕ್, ಜಗಲಿಯ ಫೇಸ್ ಸರಿ ಮಾಡುವುದು ಆಗಲೇ ಮುಗಿಯಲಿ.

ಆಮೇಲೆ ಅಡುಗೆಮನೆ, ಬಚ್ಚಲು. ನೀರಿರುವ ಕಡೆಯೇ ಬಿಸಿಯಾಗುವ ಜೋಡಣೆಯೂ ಇದೆ, ಅಲ್ಲಿ ಅಲ್ಯೂಮಿನಿಯಂ ಪೂರ್ತಿ ತೆಗೆದು ಹಸಿರು ಅರ್ತ್ ವೈರ್ ಸಮೇತ ತಾಮ್ರ ಎಳೆಸಿ. ಅಲ್ಲಿಯವರೆಗೆ ಬಿಸಿಯಾಗುವ ಸ್ವಿಚ್ಚುಗಳನ್ನು ಬಳಸಬೇಡಿ.

ನಡುಮನೆ, ಜಗಲಿ ಕಾಯಬಹುದು, ಆದರೆ ಬರೀ ಲೈಟಿಗೆ. ಅಲ್ಲಿನ ಸಾಕೆಟ್ಟುಗಳ ಸಂಪರ್ಕ ತೆಗೆಸಿ, ನೀವೇ ಬೋರ್ಡ್ ಬಿಚ್ಚಲು ಹೋಗಬೇಡಿ. ಕಂಟ್ರಾಕ್ಟರಿಗೆ 500 ವೋಲ್ಟ್ ಮೆಗ್ಗರ್ (ವೈರಿನ ಹೊದಿಕೆ ಸೋರುತ್ತಾ ಅಂತ ಅಳೆಯುವ ಮೀಟರ್) ಹಿಡಿದು ನೋಡಲು ಹೇಳಿ, ಅದಕ್ಕೆ ಮುಂಚೆ ಎಲ್‌ಇಡಿ ಬಲ್ಬು, ರೆಗ್ಯುಲೇಟರ್ ಎಲ್ಲ ಬಿಚ್ಚಿರಬೇಕು. 1 ಮೆಗಾ ಓಮ್ ಕೂಡ ಬಾರದಿದ್ದರೆ ಆ ಲೈನ್ ಈ ಮಳೆಗಾಲಕ್ಕೂ ಬೇಡ.

ಜಡಿಮಳೆಯಲ್ಲಿ ಆರ್‌ಸಿಸಿಬಿ ಪದೇಪದೇ ಬಿದ್ದರೆ ಅದನ್ನು ತಪ್ಪಿಸಿ ನೇರ ಕೊಡಬೇಡಿ. ಒಂದೊಂದೇ ಲೈನಿನ ಫೇಸ್, ನ್ಯೂಟ್ರಲ್ ಎರಡನ್ನೂ ಕಂಟ್ರಾಕ್ಟರಿಂದ ಬಿಡಿಸಿ ನೋಡಿ. ಬರೀ ಎಂಸಿಬಿ ಇಳಿಸಿದರೆ ಸಾಲದು, ನ್ಯೂಟ್ರಲ್ ಒದ್ದೆ ಗೋಡೆಗೆ ತಾಗಿದರೂ ಅದು ಬೀಳುತ್ತೆ. ಯಾವುದನ್ನು ಬಿಡಿಸಿದಾಗ ನಿಲ್ಲುತ್ತೋ ಅದೇ ಸೋರುವ ಲೈನು, ಮುಂದಿನ ದುಡ್ಡು ಅದಕ್ಕೆ ಹಾಕಿ.