ಕೆಲಸದ ನಡುವೆಯೇ ಮನಸ್ಸನ್ನು ಗಮನಿಸಿದವರು ಇದ್ದೀರಾ? ಅನುಭವ ಹೇಳಿ

ಕೇಳಿದವರು, ಕಲಬುರಗಿ

ನಾನು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಸೀಸನ್‌ನಲ್ಲಿ ಮನೆ ಸೇರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಅತ್ತೆ ಏನಾದರೂ ಅಂದರೆ ಸಿಟ್ಟೆಲ್ಲ ಮಕ್ಕಳ ಮೇಲೆ ಹೋಗುತ್ತದೆ. ‘ನಿನ್ನ ಮನಸ್ಸನ್ನು ನೀನೇ ಗಮನಿಸು’ ಅಂತ ಹೇಳುವವರು ಬಹಳ ಮಂದಿ. ಕಣ್ಣು ಮುಚ್ಚಿ ಕೂರಲು ನನಗೆ ಹೊತ್ತಿಲ್ಲ. ಯಾರ ಹತ್ತಿರವಾದರೂ ಹೋಗಿ ಕಲಿಯಬೇಕಾ?

ಆಳಂದದಿಂದ

ತಂಗಿ, ಅದಕ್ಕೆ ಬೇರೆ ಹೊತ್ತು ಬೇಕಿಲ್ಲ. ನಾನು ರೊಟ್ಟಿ ಬಡಿಯುವಾಗ ಶುರು ಮಾಡಿದೆ. ಬಿಸಿನೀರು ಹಾಕಿ ಹಿಟ್ಟು ನಾದುವುದರಿಂದ ಹಿಡಿದು ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುವ ತನಕ ಕೈ ತಾನೇ ಕೆಲಸ ಮಾಡುತ್ತದೆ. ತಲೆಯೊಳಗೆ ಮಾತ್ರ ಜಗಳ ನಡೆದಿರುತ್ತದೆ. ನಾದಿನಿ ಯಾವಾಗಲೋ ಅಂದ ಮಾತು, ನಾನು ಅವತ್ತು ಕೊಡಬೇಕಿದ್ದ ಉತ್ತರ, ಅದಕ್ಕೆ ಮತ್ತೆ ಅವಳ ಉತ್ತರ. ಎರಡೂ ಕಡೆ ನಾನೇ ಮಾತಾಡುತ್ತಿರುತ್ತೇನೆ!

ಒಂದು ದಿನ ಆ ಜಗಳವನ್ನು ಪೂರ್ತಿ ಕೇಳಿಸಿಕೊಂಡೆ. ನಿಲ್ಲಿಸಲು ಹೋಗಲಿಲ್ಲ. ‘ಛೇ, ಹೀಗೆಲ್ಲ ಯೋಚಿಸಬಾರದು’ ಅಂತ ಬೈದುಕೊಳ್ಳಲೂ ಇಲ್ಲ. ಆಗ ಗೊತ್ತಾಯಿತು, ರೊಟ್ಟಿ ಬಡಿತ ಜೋರಾಗಿತ್ತು, ಹಲ್ಲು ಕಚ್ಚಿಕೊಂಡಿದ್ದೆ, ಹೊಟ್ಟೆ ಬಿಗಿದಿತ್ತು. ಸಿಟ್ಟು ಬಾಯಿಗೆ ಬರುವ ಮೊದಲೇ ಮೈಗೆ ಬಂದಿರುತ್ತದೆ. ಅಲ್ಲೇ ಅದನ್ನು ನೋಡಬಹುದು.

ಸಿಟ್ಟು ಹೋಯಿತಾ ಅಂದರೆ, ಇಲ್ಲ. ಆದರೆ ಅದರ ಕೆಳಗೆ ಇನ್ನೊಂದು ಇತ್ತು. ಈ ಮನೆಯಲ್ಲಿ ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಅನ್ನುವ ನೋವು. ಅದು ಕಂಡ ಮೇಲೆ ನಾದಿನಿಯ ಮೇಲಿನ ಸಿಟ್ಟಿಗೆ ಮೊದಲಿನ ಬಲ ಉಳಿಯಲಿಲ್ಲ. ಅವಳ ಮಾತು ಬದಲಾಗಿಲ್ಲ, ಆದರೆ ಆ ಮಾತು ಕೇಳಿದ ತಕ್ಷಣ ನಾನು ಕುಣಿಯಲೇಬೇಕು ಅನ್ನುವುದು ಹೋಯಿತು. ನನಗೆ ಬಿಡುಗಡೆ ಅಂದರೆ ಇಷ್ಟೇ ತಂಗಿ, ಮತ್ತು ಇದು ಸಣ್ಣದಲ್ಲ. ಮಕ್ಕಳ ಮೇಲೆ ರೇಗುವ ಮುಂಚೆ ನಿನ್ನ ಮೈಯಲ್ಲಿ ಏನಾಗುತ್ತದೆ, ಮೊದಲು ಅದನ್ನು ನೋಡು.

ಬಸವಕಲ್ಯಾಣದಿಂದ, ನಿವೃತ್ತ ಮೇಷ್ಟ್ರು

ತಾಯಿ, ಯಾರ ಹತ್ತಿರ ಹೋಗಲಿ ಅಂತ ಕೇಳಿದಿರಿ. ತತ್ವಚಿಂತಕ ಜಿಡ್ಡು ಕೃಷ್ಣಮೂರ್ತಿಯವರು ಹುಡುಗನಾಗಿದ್ದಾಗಲೇ, 1911ರಲ್ಲಿ, ಇವರೇ ಜಗತ್ತಿನ ಗುರು ಆಗುವವರು ಅಂತ ಹಿರಿಯರು ಒಂದು ಸಂಘವನ್ನೇ ಕಟ್ಟಿದರು. 1929ರ ಆಗಸ್ಟ್ 3ರಂದು ನೆದರ್‌ಲ್ಯಾಂಡ್ಸ್‌ನ ಒಮೆನ್‌ನಲ್ಲಿ, ಸಾವಿರಾರು ಸದಸ್ಯರ ಎದುರಿಗೆ ನಿಂತು, ಅವರೇ ಆ ಸಂಘವನ್ನು ಮುಚ್ಚಿದರು. ನಿಮ್ಮೊಳಗನ್ನು ನಿಮ್ಮ ಬದಲಿಗೆ ಬೇರೆಯವರು ನೋಡಿಕೊಡಲಾರರು ಅನ್ನುವುದು ಅವರ ನಿಲುವು. ನನಗೂ ಅದೇ ಸರಿ ಅನಿಸುತ್ತದೆ.

ನಮ್ಮ ಕಲ್ಯಾಣದ್ದೇ ಕಥೆ ಇದೆಯಲ್ಲ, 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನದು. ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದ. ಈ ಆಸೆ ಎಲ್ಲಿಂದ ಬಂತು ಅಂತ ಲಕ್ಕಮ್ಮ ಕೇಳಿದಳು, ಜಾಸ್ತಿ ಇದ್ದದ್ದನ್ನು ವಾಪಸ್ ಸುರಿದು ಬರಲು ಕಳಿಸಿದಳು. ಇದನ್ನು ಎಲ್ಲರೂ ದುರಾಸೆ ಬೇಡ ಅನ್ನುವ ಪಾಠವಾಗಿ ಹೇಳುತ್ತಾರೆ. ನನಗೆ ಆಕೆಯ ಗಮನ ದೊಡ್ಡದು. ಅಕ್ಕಿ ನೋಡಿದ ಕಣ್ಣಿಗೇ ಆಸೆಯೂ ಕಂಡಿತಲ್ಲ!

ಯಾದಗಿರಿಯಿಂದ

ಅಕ್ಕಾ, ನಾನು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ. ಗೆಳೆಯನಿಗೆ ನೌಕರಿ ಸಿಕ್ಕಿದ್ದು ಸ್ಟೇಟಸ್‌ನಲ್ಲಿ ಕಂಡರೆ ಬೆರಳು ತಕ್ಷಣ ಮುಂದಕ್ಕೆ ಓಡುತ್ತಿತ್ತು. ಈಗ ಅಲ್ಲೇ ನಿಲ್ಲುತ್ತೇನೆ. ಹೊಟ್ಟೆಕಿಚ್ಚು ಬಂದಿದೆ, ಹೌದು. ಸ್ವಲ್ಪ ಹೊತ್ತು ಇರುತ್ತದೆ, ಆಮೇಲೆ ತಾನೇ ಇಳಿಯುತ್ತದೆ.

ಒಂದು ಎಚ್ಚರ. ‘ಇವತ್ತು ಸಿಟ್ಟು ಬರಲಿಲ್ಲ, ನಾನು ಗೆದ್ದೆ’ ಅಂತ ಅಂಕ ಹಾಕಿಕೊಳ್ಳಬೇಡಿ. ಅದೂ ಒಂದು ಪರೀಕ್ಷೆಯೇ ಆಗಿಬಿಡುತ್ತದೆ.

ಬೀದರ್‌ನಿಂದ, ನರ್ಸ್

ಮೇಷ್ಟ್ರ ಮಾತು ನಾನು ಪೂರ್ತಿ ಒಪ್ಪುವುದಿಲ್ಲ. ಗೋಯೆಂಕಾ ಅವರ ಪದ್ಧತಿಯ 10 ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ನಾನು ಹೋಗಿದ್ದೆ. ಫೀ ಇಲ್ಲ, ಮೊದಲು ಶಿಬಿರ ಮುಗಿಸಿದವರ ದಾನದಿಂದಲೇ ನಡೆಯುತ್ತದೆ. ಮೌನವಾಗಿ ಉಸಿರನ್ನು, ಆಮೇಲೆ ಮೈಯನ್ನು ನೋಡುವುದನ್ನು ಕಲಿಸುತ್ತಾರೆ. ಒಮ್ಮೆ ಹಾಗೆ ಕಲಿತದ್ದು ವಾರ್ಡಿನ ಗದ್ದಲದಲ್ಲೂ ನನ್ನ ಕೈ ಹಿಡಿಯಿತು. ಹೋಗಲು ಆಗದಿದ್ದರೆ ಬೇಸರ ಬೇಡ, ಆಳಂದದ ಅಕ್ಕ ಹೇಳಿದ್ದು ಸಾಕು.

ಆದರೆ ಒಳಗೆ ನೋಡಿದಷ್ಟೂ ಭಯ ಜಾಸ್ತಿಯಾದರೆ, ನಿದ್ದೆಯೇ ಬಾರದಿದ್ದರೆ ಒಬ್ಬರೇ ಒದ್ದಾಡಬೇಡಿ. ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು, ಗಮನಿಸುವುದು ಅಂದರೆ ಎಲ್ಲವನ್ನೂ ಸುಮ್ನೆ ಸಹಿಸುವುದಲ್ಲ ಅಲ್ವಾ? ನಿಮ್ಮ ಸಿಟ್ಟಿನಲ್ಲಿ ಅರ್ಧ ಬರೀ ದಣಿವೇ ಇರಬಹುದು. ಸೀಸನ್ ಮುಗಿಯುವ ತನಕ ರಾತ್ರಿ ಅಡುಗೆ ಯಾರು ಮಾಡಬೇಕು ಅಂತ ನಿಮ್ಮ ಯಜಮಾನರ ಜೊತೆ ಕೂತು ಮಾತಾಡಿ. ಅತ್ತೆಯ ಎದುರಿಗೇ ಮಾತಾಡಿ.