ಭಾರದ ಗೇಮಿಂಗ್ ಲ್ಯಾಪ್‌ಟಾಪ್ ಬದಲು ಹಗುರದ್ದು: ಹಾರ್ಡ್‌ವೇರ್ ತಂತ್ರಜ್ಞರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನನ್ನ ಹತ್ತಿರ 2019ರ 17 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್ ಇದೆ. ಆರ್‌ಟಿಎಕ್ಸ್ 2070 ಗ್ರಾಫಿಕ್ಸ್, 16 ಜಿಬಿ ಮೆಮೊರಿ. ತೂಕ 2.9 ಕೆಜಿ, ಚಾರ್ಜರ್ ಸೇರಿದರೆ ಹತ್ತಿರ ಹತ್ತಿರ 4 ಕೆಜಿ. ದಿನಾ ಬೆನ್ನಿಗೆ ಹಾಕಿಕೊಂಡು ಓಡಾಡಿ ಭುಜ ನೋವು ಬಂದಿದೆ. ಹಗಲು ಕೆಲಸದ ಜಾಗದಲ್ಲಿ ವಿಡಿಯೊ ಎಡಿಟಿಂಗ್, ರಾತ್ರಿ ಗೇಮ್. ಇಷ್ಟೇ ಶಕ್ತಿ ಇರುವ, 2 ಕೆಜಿ ಒಳಗಿನ ಲ್ಯಾಪ್‌ಟಾಪ್ ಸಿಗುತ್ತದಾ?

ತಂತ್ರಜ್ಞರು: ಸಿಗುತ್ತದೆ. ನಿಮ್ಮದು ಹಳೆಯದಾಗಿರುವುದೇ ನಿಮಗೆ ಅನುಕೂಲ. ಇವತ್ತಿನ ದೊಡ್ಡ ಮಶೀನಿಗೆ ಸಮನಾದ ಹಗುರದ್ದು ಕೇಳಿದ್ದರೆ ಇಲ್ಲ ಅಂತಲೇ ಹೇಳುತ್ತಿದ್ದೆ. 2070 ಚಿಪ್ 12 ನ್ಯಾನೊಮೀಟರ್ ಅನ್ನುವ ಹಳೆಯ ತಯಾರಿಕಾ ವಿಧಾನದ ಕಾಲದ್ದು, ಅದೇ ಕೆಲಸಕ್ಕೆ ಜಾಸ್ತಿ ಕರೆಂಟ್ ಕುಡಿಯುತ್ತದೆ. 2023ರಲ್ಲಿ ಬಂದ ಲ್ಯಾಪ್‌ಟಾಪ್ ಆರ್‌ಟಿಎಕ್ಸ್ 4060ಕ್ಕೆ 80–90 ವಾಟ್ ಕೊಟ್ಟರೂ ಸಾಕು, ನಿಮ್ಮದನ್ನು ಹಿಂದೆ ಹಾಕುತ್ತದೆ. ಕರೆಂಟ್ ಕಡಿಮೆ ಅಂದರೆ ಬಿಸಿ ಕಡಿಮೆ. ಬಿಸಿ ಕಡಿಮೆಯಾದರೆ ಅದನ್ನು ಹೊರಹಾಕುವ ತಾಮ್ರದ ಪೈಪು, ಫ್ಯಾನು, ಚಾರ್ಜರ್ ಎಲ್ಲವೂ ಚಿಕ್ಕದಾಗುತ್ತವೆ. ಈ ಲ್ಯಾಪ್‌ಟಾಪ್‌ಗಳಲ್ಲಿ ತೂಕ ಇಳಿಯುವುದು ಹೀಗೆ.

ಆದರೆ ಹೆಸರು ನೋಡಿ ಮರುಳಾಗಬೇಡಿ, ವಾಟ್ ನೋಡಿ. 4060 ಅಂತ ಒಂದೇ ಹೆಸರಿದ್ದರೂ ತಯಾರಕರು ಅದನ್ನು 35 ವಾಟ್‌ನಿಂದ 115 ವಾಟ್‌ವರೆಗೆ ಎಲ್ಲಿ ಬೇಕಾದರೂ ಕೂರಿಸಬಹುದು. ಹಾಗಾಗಿ 45 ವಾಟಿನ 4070ಗಿಂತ 100 ವಾಟಿನ 4060 ಚೆನ್ನಾಗಿ ಓಡುವುದುಂಟು. ಮೊದಲೆಲ್ಲ ಕಡಿಮೆ ವಾಟಿನದಕ್ಕೆ ‘ಮ್ಯಾಕ್ಸ್-ಕ್ಯೂ’ ಅಂತ ಬೇರೆ ಹೆಸರೇ ಇತ್ತು, 2021ರ ಹೊತ್ತಿಗೆ ಆ ಗುರುತೂ ಹೋಯಿತು. ಈಗ ತಯಾರಕರ ವಿವರದ ಪುಟದಲ್ಲಿ ‘ಟಿಜಿಪಿ’ ಅಥವಾ ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಅನ್ನುವ ಸಾಲು ಹುಡುಕಬೇಕು. ಅದನ್ನು ಬರೆಯದ ಮಾಡೆಲನ್ನು ನಾನು ಯಾರಿಗೂ ಹೇಳುವುದಿಲ್ಲ.

ಉದಾಹರಣೆಗೆ 2024ರ ಆಸುಸ್ ಜೆಫೈರಸ್ ಜಿ14. ತೂಕ ಸುಮಾರು 1.5 ಕೆಜಿ, 4060ಕ್ಕೆ 90 ವಾಟ್, 73 ವಾಟ್-ಅವರ್ ಬ್ಯಾಟರಿ. ನಿಮಗೆ ಬೇಕಾದ ಅಳತೆ ಇದೇ.

ಪ್ರಶ್ನೆ ಕೇಳಿದವರು: ಧನ್ಯವಾದ. 17 ಇಂಚಿನಿಂದ ಒಮ್ಮೆಲೇ 14ಕ್ಕೆ ಇಳಿದರೆ ಗೇಮ್‌ನ ವೇಗದಲ್ಲಿ ವ್ಯತ್ಯಾಸ ಆಗಲ್ವಾ?

ತಂತ್ರಜ್ಞರು: ಆಗುತ್ತದೆ, ನೀವು ಅಂದುಕೊಂಡ ಕಾರಣಕ್ಕಲ್ಲ. ನಿಮ್ಮ ಹಳೆಯ ಪರದೆ 1920×1080 ಇರಬೇಕು, ಅಂದರೆ ಸುಮಾರು 20 ಲಕ್ಷ ಪಿಕ್ಸೆಲ್. ಮೇಲೆ ಹೇಳಿದ ಜಿ14ರ ಪರದೆ 2880×1800, 51 ಲಕ್ಷ ದಾಟುತ್ತದೆ. ಎರಡೂವರೆ ಪಟ್ಟು ಕೆಲಸ! ಹೊಸದು ತಂದು, ಗೇಮ್ ಹಾಕಿ, ಸೆಟ್ಟಿಂಗ್ ಮುಟ್ಟದೆ ಆಡಿ, ‘ಹಳೆಯದೇ ಇದಕ್ಕಿಂತ ವಾಸಿ’ ಅಂತ ಬೈಯುವವರು ಸಾಕಷ್ಟು ಜನ. ಗೇಮ್ ಒಳಗೆ ರೆಸಲ್ಯೂಷನ್ 1920×1200ಕ್ಕೆ ಇಳಿಸಿ, ಇಲ್ಲವೇ ಡಿಎಲ್‌ಎಸ್‌ಎಸ್ (ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ಮಾಡಿ ಎಐ ಮೂಲಕ ಹಿಗ್ಗಿಸುವ ಸೌಲಭ್ಯ) ಆನ್ ಮಾಡಿ. 14 ಇಂಚಿನಲ್ಲಿ ಕಣ್ಣಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ.

ಇನ್ನು ಸದ್ದು. ಚಿಕ್ಕ ಫ್ಯಾನು ಜೋರಾಗಿ ತಿರುಗಬೇಕು, ಹಾಗಾಗಿ ಸದ್ದು ಕೀರಲು. ಹೆಡ್‌ಫೋನ್ ಹಾಕದೆ ಆಡುವವರಾದರೆ ಇದು ಸಣ್ಣ ವಿಷಯ ಅಲ್ಲ. ಕೀಬೋರ್ಡಿನ ನಡುಭಾಗವೂ ಬಿಸಿಯಾಗುತ್ತದೆ.

ಇದಕ್ಕೆ ನಾನು ಮಾಡಿಕೊಡುವ ಕೆಲಸ ಒಂದಿದೆ. ತೆಳ್ಳಗಿನ ಲ್ಯಾಪ್‌ಟಾಪಲ್ಲಿ ಸಿಪಿಯು (ಮುಖ್ಯ ಚಿಪ್), ಜಿಪಿಯು (ಗ್ರಾಫಿಕ್ಸ್ ಚಿಪ್) ಎರಡಕ್ಕೂ ಸಾಮಾನ್ಯವಾಗಿ ಬಿಸಿ ಸಾಗಿಸುವ ಪೈಪುಗಳು ಒಂದೇ. ಒಂದು ಕಾದರೆ ಇನ್ನೊಂದಕ್ಕೂ ಪೆಟ್ಟು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಅನ್ನು 100ರಿಂದ 99ಕ್ಕೆ ಇಳಿಸಿ. ಒಂದು ಅಂಕಿ ಅಷ್ಟೇ, ಆದರೆ ಸಿಪಿಯುವಿನ ಟರ್ಬೊ ವೇಗ ನಿಂತುಹೋಗುತ್ತದೆ. ಗ್ರಾಫಿಕ್ಸ್ ಮೇಲೆ ಭಾರ ಬೀಳುವ ಗೇಮುಗಳಲ್ಲಿ ಫ್ರೇಮ್ ಬಹಳ ಕಮ್ಮಿಯಾಗುವುದಿಲ್ಲ, ಬಿಸಿ ಮತ್ತು ಸದ್ದು ಚೆನ್ನಾಗಿ ಇಳಿಯುತ್ತವೆ. ವಿಡಿಯೊ ರೆಂಡರ್ ಮಾಡುವಾಗ ಮತ್ತೆ 100ಕ್ಕೆ ತರುವುದು ಮರೆಯಬೇಡಿ, ಇಲ್ಲಾಂದ್ರೆ ಸುಮ್ನೆ ಕಾಯುತ್ತಾ ಕೂರಬೇಕಾಗುತ್ತದೆ.

ಇನ್ನೊಬ್ಬ ಸದಸ್ಯರು: ಚಾರ್ಜರ್ ಕಥೆ ಏನು? ಲ್ಯಾಪ್‌ಟಾಪ್ ಹಗುರ ಆಗಿ ಇಟ್ಟಿಗೆಯಂಥ ಚಾರ್ಜರ್ ಹೊರುವುದಾದರೆ ಏನು ಪ್ರಯೋಜನ?

ತಂತ್ರಜ್ಞರು: ಒಳ್ಳೆಯ ಪ್ರಶ್ನೆ. ಟೈಪ್-ಸಿ ಮೂಲಕ 100 ವಾಟ್ ತೆಗೆದುಕೊಳ್ಳುವ ಮಾಡೆಲ್ ಆರಿಸಿ. ಹಗಲಿನ ಕೆಲಸಕ್ಕೆ, ಸಣ್ಣಪುಟ್ಟ ಎಡಿಟಿಂಗಿಗೆ ಅಂಗೈಯಲ್ಲಿ ಹಿಡಿಯುವ ಚಾರ್ಜರ್ ಸಾಕು. ದೊಡ್ಡದು ಗೇಮ್ ಆಡುವ ಮೇಜಿನ ಹತ್ತಿರವೇ ಇರಲಿ. ಟೈಪ್-ಸಿಯಲ್ಲೇ ಭಾರಿ ಗೇಮ್ ಆಡಿದರೆ ವೇಗ ಕುಸಿಯುತ್ತದೆ, ಕೆಲವು ಮಾಡೆಲ್‌ಗಳಲ್ಲಿ ಚಾರ್ಜ್‌ಗೆ ಹಾಕಿದ್ದರೂ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ.

ಪ್ಲಗ್ ಇಲ್ಲದೆ ಗೇಮ್ ಆಡುವ ಆಸೆ ಬಿಡಿ. 73 ವಾಟ್-ಅವರ್ ಬ್ಯಾಟರಿಯಿಂದ ಸತತವಾಗಿ 100 ವಾಟ್ ಎಳೆದರೆ ಮುಕ್ಕಾಲು ಗಂಟೆಯೂ ಬರುವುದಿಲ್ಲ, ಲೆಕ್ಕ ನೀವೇ ಹಾಕಿ. ಅದಕ್ಕೇ ಪ್ಲಗ್ ತೆಗೆದ ಕೂಡಲೇ ಮಶೀನು ತಾನೇ ಜಿಪಿಯು ಶಕ್ತಿ ಕಡಿಮೆ ಮಾಡಿಬಿಡುತ್ತದೆ.

ಇನ್ನೊಬ್ಬ ಸದಸ್ಯರು: ಮ್ಯಾಕ್‌ಬುಕ್ ಏರ್ ಆಗಲ್ವಾ? ಅಥವಾ ಹೊರಗೆ ಗ್ರಾಫಿಕ್ಸ್ ಬಾಕ್ಸ್ ಇಟ್ಟರೆ?

ತಂತ್ರಜ್ಞರು: 13 ಇಂಚಿನ ಏರ್ ಸುಮಾರು 1.24 ಕೆಜಿ, ಎಡಿಟಿಂಗಿಗೆ ಸೊಗಸು. ಗೇಮ್ ಅಂದರೆ ತಲೆನೋವು. ವ್ಯಾಲೊರಂಟ್ ತರದವು ಮ್ಯಾಕ್‌ನಲ್ಲಿ ಓಡುವುದೇ ಇಲ್ಲ. ಬಾಕ್ಸ್ ವಿಚಾರಕ್ಕೆ ಬಂದರೆ, ಅದನ್ನು ಜೋಡಿಸುವ ಥಂಡರ್‌ಬೋಲ್ಟ್ 4 ಕೇಬಲ್‌ನ ಸೆಕೆಂಡಿಗೆ 40 ಗಿಗಾಬಿಟ್ ದಾರಿ ಒಳ್ಳೆಯ ಕಾರ್ಡಿಗೆ ಇಕ್ಕಟ್ಟು. ಮೇಲಾಗಿ ಆ ದುಡ್ಡಿಗೆ ಡೆಸ್ಕ್‌ಟಾಪ್ ಕಟ್ಟಿಕೊಳ್ಳುವುದೇ ಮೇಲು.

ಪ್ರಶ್ನೆ ಕೇಳಿದವರು: ಸರಿ, 4060 ಇರುವ 14 ಇಂಚಿನದ್ದೇ ತಗೊಳ್ತೀನಿ. ಮೆಮೊರಿ ಸದ್ಯ 16 ಸಾಕಾ? ಆಮೇಲೆ ಹಾಕಿಸಿಕೊಂಡರಾಯ್ತು ಅಲ್ವಾ?

ತಂತ್ರಜ್ಞರು: ಅಲ್ಲೇ ಎಚ್ಚರ ಬೇಕು. ಇಂಥ ಹಗುರದವುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. 2024ರ ಜಿ14 ಹಾಗೇ ಇದೆ. ನಿಮ್ಮ ಹಳೆಯದರಲ್ಲಿ ತಳ ಬಿಚ್ಚಿ ಹಾಕಿದಂತೆ ಇಲ್ಲಿ ಆಗುವುದಿಲ್ಲ. ನೀವು ಎಡಿಟಿಂಗ್ ಮಾಡುವವರು, ಕೊಳ್ಳುವಾಗಲೇ 32 ಜಿಬಿ ಹಾಕಿಸಿ. ಎಸ್‌ಎಸ್‌ಡಿ ಸಾಮಾನ್ಯವಾಗಿ ಬದಲಾಯಿಸಬಹುದು, ಅದರಲ್ಲಿ ದುಡ್ಡು ಉಳಿಸಿ. ತಂದ ಮೇಲೆ ವಾಪಸಿನ ಅವಧಿ ಮುಗಿಯುವ ಮೊದಲು ನಿಮ್ಮ ಭಾರಿ ಗೇಮನ್ನು ಅರ್ಧ ಗಂಟೆ ಓಡಿಸಿ, ಪಕ್ಕದಲ್ಲಿ ಜಿಪಿಯು ವಾಟ್ ತೋರಿಸುವ ಓವರ್‌ಲೇ (ಗೇಮ್ ಮೇಲೆಯೇ ಅಂಕಿ ತೋರಿಸುವ ಪಟ್ಟಿ) ಆನ್ ಇರಲಿ. ಮೊದಲ ಐದು ನಿಮಿಷ ಎಲ್ಲವೂ ಚೆನ್ನಾಗೇ ಓಡುತ್ತವೆ. ಇಪ್ಪತ್ತನೇ ನಿಮಿಷದಲ್ಲೂ 90ರ ಆಸುಪಾಸು ನಿಂತಿದ್ದರೆ ಇಟ್ಟುಕೊಳ್ಳಿ, 60ಕ್ಕೆ ಜಾರಿದ್ದರೆ ವಾಪಸ್ ಕೊಡಿ.