ಬ್ಯಾಟ್ರಿ ಮೇಲೆ 12 ಅಂತ ಬರ್ದಿದ್ಯಲ್ಲ!

ನಮ್ ಮಂಜ ಅವ್ನ ಮಾವನ ಹಳೇ ಕಾರಿಗೆ ವೈಫೈ ಇರೋ ಪುಟ್ಟ ಕಂಪ್ಯೂಟರ್ ತರದ ಇಎಸ್‌ಪಿ32 ಬೋರ್ಡ್ ಹಾಕಿ, ಮಾವ ಬ್ರೇಕ್ ಹೊಡ್ದಾಗೆಲ್ಲ ಫೋನಲ್ಲಿ ಲೆಕ್ಕ ಬರೋ ಹಾಗ್ ಮಾಡ್ತೀನಿ ಅಂತ ಹೊರಟಿದಾನೆ. ಆ ಲೆಕ್ಕ ಇಟ್ಕೊಂಡು ಏನ್ ಮಾಡ್ತಾನೆ ಅಂತ ಯಾರೂ ಕೇಳ್ಲಿಲ್ಲ, ಬೈ-ಟು ಕಾಫಿ ಅವ್ನೇ ಕೊಡಿಸ್ತಿದ್ದ.

"ಬ್ರೇಕ್ ಲೈಟ್ ವೈರ್ ಸೀದಾ ಪಿನ್ನಿಗೆ ಚುಚ್ಲಾ?"

"ಚುಚ್ಚು, ಆಮೇಲೆ ಬೋರ್ಡನ್ನ ಕೀ ಚೈನ್ ಮಾಡ್ಕೋ" ಅಂದ ಶಶಿ. "3.3 ವೋಲ್ಟ್ ಪಿನ್ ಕಣೋ ಅದು."

"ಸರಿ, 12ನ್ನ 3.3 ಮಾಡೋಕೆ ಎರಡು ರೆಸಿಸ್ಟರ್ ಹಾಕ್ತೀನಿ."

"12 ಅಂತ ಯಾರ್ ಹೇಳಿದ್ದು?"

"ಬ್ಯಾಟ್ರಿ ಮೇಲೆ ಬರ್ದಿದ್ಯಲ್ಲ ಗುರು!"

"ಇಂಜಿನ್ ಓಡ್ತಿದ್ರೆ ಬ್ಯಾಟ್ರಿ ಚಾರ್ಜ್ ಮಾಡೋ ಆಲ್ಟರ್ನೇಟರ್ 14.4 ತನಕ ಕೊಡತ್ತೆ, ಚಾರ್ಜ್ ಆಗ್ತಿರೋವಾಗ್ಲೇ ಬ್ಯಾಟ್ರಿ ಟರ್ಮಿನಲ್ ಕಳಚ್ಕೊಂಡ್ರೆ ಲೋಡ್ ಡಂಪ್ ಅಂತ ವೋಲ್ಟೇಜ್ ಒಂದೇ ಸಲ ಮೇಲಕ್ಕೆ ಜಿಗಿಯತ್ತೆ, ತಡೆ ಇಲ್ದಿರೋ ಹಳೇ ಆಲ್ಟರ್ನೇಟರಾದ್ರೆ 80 ವೋಲ್ಟ್ ಕೂಡ ದಾಟ್ಬೋದು."

ಮಂಜ ಲೋಟ ಕೆಳಗಿಟ್ಟ. "ಮಾವ ಟರ್ಮಿನಲ್ ಲೂಸು ಅಂತ ಮೊಳೆ ಸಿಕ್ಸಿದಾರೆ."

"ಮೊಳೆ!"

"ಹಂಗಾದ್ರೆ ದೊಡ್ಡ ರೆಸಿಸ್ಟರೇ ಹಾಕ್ತೀನಿ, ಮೇಲೆ ವೈರ್ ಕಡೆ 47ಕೆ, ಅಂದ್ರೆ 47 ಕಿಲೋ ಓಮ್, ಕೆಳಗೆ ಗ್ರೌಂಡ್ ಕಡೆ 10ಕೆ."

"ಇಂಜಿನ್ ಆಫಲ್ಲಿ 12 ಇದ್ದಾಗ ಪಿನ್ನಿಗೆ 2.1 ಅಷ್ಟೇ, ಅದು ಹೈ, ಅಂದ್ರೆ ಆನ್, ಅಂತ ಒಪ್ಕೊಳ್ಳೋಕೆ ಸುಮಾರು 2.5 ಬೇಕು, ಮಾವ ಬ್ರೇಕ್ ಮೇಲೆ ನಿಂತ್ರೂ ಗೊತ್ತಾಗಲ್ಲ. ಮೇಲೆ 33ಕೆ ಹಾಕು, 12ಕ್ಕೆ 2.8, 14.4ಕ್ಕೆ 3.35. ಮಿಕ್ಕಿದ್ದಕ್ಕೆ ಪಿನ್ ಹತ್ರ ಬ್ಯಾಟ್54ಎಸ್ ಅನ್ನೋ ಶಾಟ್ಕಿ ಡಯೋಡ್ ಹಾಕು. 80 ವೋಲ್ಟ್ ಬಂದ್ರೂ 33ಕೆ ದಾಟಿ ಬರೋದು ಎರಡ್ ಚಿಲ್ಲರೆ ಮಿಲಿಆಂಪ್, ಡಯೋಡ್ ಅಷ್ಟನ್ನ ಆರಾಮಾಗಿ ಬೋರ್ಡಿನ 3.3 ಸಪ್ಲೈ ಲೈನಿಗೆ ಸಾಗಿಸತ್ತೆ. ಕರೆಂಟನ್ನ ಕಟ್ಟಿಹಾಕೋದು ರೆಸಿಸ್ಟರ್ರು, ವೋಲ್ಟೇಜನ್ನ ಹಿಡಿಯೋದು ಡಯೋಡು, ಎರಡೂ ಬೇಕು."

"ಅದರ ಬದ್ಲು ವೋಲ್ಟೇಜನ್ನ 3.3ಕ್ಕೆ ಹಿಡಿಯೋ ಝೀನರ್ ಡಯೋಡ್?"

"ಅದು 3.3 ಬರೋ ತನಕ ಕಾಯಲ್ಲ, ಮೊದ್ಲೇ ಕರೆಂಟ್ ಸೋರೋಕೆ ಶುರು."

ಇಷ್ಟ್ ಹೊತ್ತು ಬಾಯಿ ಬಿಡದೆ ಬೋಂಡಾ ತಿಂತಿದ್ದ ಪಕ್ಕಿ ಆಗ, "ಎಸ್ಪಿ ರೋಡಲ್ಲಿ ಪಿಸಿ817 ಆಪ್ಟೋ, ಅಂದ್ರೆ ಸಿಗ್ನಲ್ಲನ್ನ ಬೆಳಕಲ್ಲಿ ದಾಟಿಸೋ ಚಿಪ್, ತಗೊಂಡು 2.2ಕೆ ಹಾಕಿ, ಅದ್ರೊಳಗಿರೋ ಎಲ್‌ಇಡಿಗೆ ಉಲ್ಟಾ ಒಂದ್ ಡಯೋಡ್ ಕೊಟ್ರೆ ಮುಗೀತು, ಕಾರಿನ್ ಕರೆಂಟು ಪಿನ್ ಹತ್ರಾನೂ ಬರಲ್ಲ" ಅಂದ.

"ಇದನ್ನ ಮೊದ್ಲೇ ಹೇಳೋಕೇನ್ ರೋಗ?"

"ಬೋಂಡಾ ಬಿಸಿ ಇತ್ತು."

ಮಂಜ ಅಲ್ಲಿಂದ್ಲೇ ಮಾವಂಗೆ ಫೋನ್ ಮಾಡಿ ಭಾನುವಾರ ಕಾರ್ ಬೇಕು ಅಂದ, ಯಾಕಪ್ಪಾ ಅಂದ್ರು, ಬ್ರೇಕ್ ಲೈಟ್ ವೈರಿಂದ ಸಿಗ್ನಲ್ ತಗೋಬೇಕು ಮಾವ ಅಂದ.

"ಬ್ರೇಕ್ ಲೈಟಾ? ಅದ್ರ ಸ್ವಿಚ್ ಹೋಗಿ ಒಂದ್ ವರ್ಷ ಆಯ್ತಲ್ಲೋ!"